ಹೆರಿಗೆಯ ನಿಧಾನವಾದ ಮೊದಲ ಹಂತ: ದಾವಣಗೆರೆ ಮತ್ತು ಹರಿಹರ

ಹೆರಿಗೆ ನೋವು ಶುರುವಾದಾಗಿನಿಂದ ಗರ್ಭಕೋಶದ ಬಾಯಿ ಮೆತ್ತಗಾಗಿ, ತೆಳುವಾಗಿ, ಸುಮಾರು 5 ಸೆಂಟಿಮೀಟರ್ ತೆರೆಯುವವರೆಗಿನ ಅವಧಿಯನ್ನು ವೈದ್ಯರು ಸುಪ್ತ ಹಂತ ಎನ್ನುತ್ತಾರೆ. ಚೊಚ್ಚಲ ಬಸುರಿಯಲ್ಲಿ ಇದು ಹಲವು ಗಂಟೆ ಎಳೆಯುತ್ತದೆ; ಒಂದು ಹಗಲು ಒಂದು ರಾತ್ರಿ ಹಿಡಿದರೂ ಅದು ಅಪರೂಪವಲ್ಲ. ನೋವು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮನೆಯವರು “ಬ್ಯಾನಿ ಶುರುವಾಗೈತಿ” ಎಂದು ಗಾಡಿ ಹತ್ತಿಸುತ್ತಾರೆ, ಆಸ್ಪತ್ರೆಯಲ್ಲಿ ನೋಡಿದವರು “ಇನ್ನೂ ಬಾಯಿ ತೆರೆದಿಲ್ಲ, ಮನೆಗೆ ಹೋಗಿ ಬನ್ನಿ” ಎನ್ನುತ್ತಾರೆ. ಎರಡೂ ಮಾತು ನಿಜವೇ. ಆದರೆ ಅವುಗಳ ನಡುವಿನ ಹದಿನೈದಿಪ್ಪತ್ತು ಗಂಟೆಗಳನ್ನು ಹೇಗೆ ಕಳೆಯಬೇಕೆಂದು ಆ ಹೆಂಗಸಿಗೆ ಹೇಳಿಕೊಡುವವರು ಕಡಿಮೆ. ದಾವಣಗೆರೆ ನಗರ ಮತ್ತು ಹರಿಹರದಂಥ ಕಡೆ, ಅಂದರೆ ಆಸ್ಪತ್ರೆ ಕೂಗಳತೆಯಲ್ಲಿದ್ದೂ ಹೆರಿಗೆಯ ಹೊತ್ತು ಇನ್ನೂ ತವರುಮನೆಯ ಕೈಯಲ್ಲೇ ಇರುವ ಕಡೆ, ಈ ಗಂಟೆಗಳಿಗೆ ಪ್ರತ್ಯೇಕ ಗಮನ ಬೇಕು.

ಈ ಹಂತದಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವನೆ ತಪ್ಪು. ದಿನ ತುಂಬುವವರೆಗೆ ಗರ್ಭಕೋಶದ ಕಂಠ ಗಟ್ಟಿಯಾಗಿ, ಉದ್ದವಾಗಿ, ಬೆನ್ನಿನ ಕಡೆಗೆ ತಿರುಗಿಕೊಂಡಿರುತ್ತದೆ. ಅದರ ಗಟ್ಟಿತನಕ್ಕೆ ಕಾರಣವಾದ ಕೊಲಾಜೆನ್ ನಾರುಗಳು ಪ್ರೊಸ್ಟಗ್ಲ್ಯಾಂಡಿನ್ ಮೊದಲಾದ ರಾಸಾಯನಿಕಗಳ ಪ್ರಭಾವದಿಂದ ಸಡಿಲಗೊಳ್ಳಬೇಕು, ಕಂಠ ಮುಂದಕ್ಕೆ ಬರಬೇಕು, ಗಿಡ್ಡವಾಗಿ ತೆಳುವಾಗಬೇಕು, ಆಮೇಲೆ ತೆರೆಯಬೇಕು. ಒಳಪರೀಕ್ಷೆ ಮಾಡಿದವರು “ಎರಡು ಬೆರಳು” ಎಂದಷ್ಟೇ ಹೇಳಿದಾಗ ತೆರೆದ ಅಳತೆ ಮಾತ್ರ ಕಿವಿಗೆ ಬೀಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಬೆರಳಿನಲ್ಲೇ ನಿಂತ ಕಂಠ ಆ ಹೊತ್ತಿನಲ್ಲಿ ಅರ್ಧಕ್ಕರ್ಧ ತೆಳುವಾಗಿರಬಹುದು. ಅದನ್ನೂ ಹೇಳಿದರೆ ಹೆಂಗಸಿಗೆ ತನ್ನ ನೋವು ವ್ಯರ್ಥವಾಗಿಲ್ಲವೆಂದು ತಿಳಿಯುತ್ತದೆ. ಹೇಳುವುದಕ್ಕೆ ಅರ್ಧ ನಿಮಿಷ ಸಾಕು.

ಹೆರಿಗೆಯದಲ್ಲದ ಕಳ್ಳನೋವು ಬೇರೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲಿಷ್ ವೈದ್ಯ ಜಾನ್ ಬ್ರ್ಯಾಕ್ಸ್ಟನ್ ಹಿಕ್ಸ್ ಹೆಸರಿನಲ್ಲೇ ಅದು ಪಠ್ಯಗಳಲ್ಲಿದೆ. ಅಲ್ಲಿ ಹೊಟ್ಟೆ ಗಟ್ಟಿಯಾಗುತ್ತದೆ, ಆದರೆ ಲಯವಿರುವುದಿಲ್ಲ. ನೀರು ಕುಡಿದು ಮಗ್ಗುಲು ಬದಲಿಸಿ ಮಲಗಿದರೆ ಇಳಿದುಹೋಗುತ್ತದೆ. ಸುಪ್ತ ಹಂತದ ನೋವು ಮಲಗಿದರೂ ಎದ್ದರೂ ಬರುತ್ತದೆ, ಹೊತ್ತು ಕಳೆದಂತೆ ಹತ್ತಿರವಾಗುತ್ತದೆ, ಬಹಳ ಸಲ ಸೊಂಟದಿಂದ ಎದ್ದು ಮುಂದಕ್ಕೆ ಸುತ್ತುತ್ತದೆ. ಕೆಲವರಲ್ಲಿ ನೆತ್ತರು ಬೆರೆತ ಲೋಳೆ ಹೋಗುತ್ತದೆ. ಎರಡರ ನಡುವಿನ ಗೆರೆ ಎಷ್ಟೋ ಸಲ ಮರುದಿನ ಹಿಂದಿರುಗಿ ನೋಡಿದಾಗಲೇ ಸ್ಪಷ್ಟವಾಗುವುದು. ಹಾಗಾಗಿ ಒಮ್ಮೆ ಆಸ್ಪತ್ರೆಗೆ ಹೋಗಿ ವಾಪಸ್ ಬಂದದ್ದಕ್ಕೆ ಯಾರೂ ನಾಚಬೇಕಿಲ್ಲ.

ಎಷ್ಟು ಹೊತ್ತಾದರೆ ಬಹಳವಾಯಿತು?

ಈ ಪ್ರಶ್ನೆಗೆ ಮೊದಲು ಅಂಕಿಯಲ್ಲಿ ಉತ್ತರ ಕೊಟ್ಟವರು ನ್ಯೂಯಾರ್ಕಿನ ಪ್ರಸೂತಿ ತಜ್ಞ ಇಮ್ಯಾನ್ಯುಯಲ್ ಫ್ರೀಡ್‌ಮನ್. 1954ರಲ್ಲಿ ಅವರು ಹೆರಿಗೆಯ ಗತಿಯನ್ನು ಗ್ರಾಫಿನ ಮೇಲೆ ಗೆರೆಯಾಗಿ ಬರೆದರು. ಅವರ ಲೆಕ್ಕದಲ್ಲಿ ಚೊಚ್ಚಲ ಹೆರಿಗೆಯ ಸುಪ್ತ ಹಂತ ಸರಾಸರಿ ಎಂಟೂವರೆ ಗಂಟೆಯ ಆಸುಪಾಸು. 20 ಗಂಟೆ ದಾಟಿದರೆ ಅದು ದೀರ್ಘ. ಮೊದಲೇ ಹೆತ್ತವರಲ್ಲಿ ಈ ಗಡಿ 14 ಗಂಟೆ. 1972ರಲ್ಲಿ ಆಗಿನ ರೊಡೇಶಿಯಾದಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಎಚ್ಚರಿಕೆಯ ಗೆರೆ, ಕ್ರಮದ ಗೆರೆಗಳಿರುವ ಪಾರ್ಟೋಗ್ರಾಫ್, ಅಂದರೆ ಹೆರಿಗೆಯ ಗತಿ ಗುರುತಿಸುವ ನಕ್ಷೆ, ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಪಾರ್ಟೋಗ್ರಾಫ್ ಸುಪ್ತ ಹಂತಕ್ಕೆ 8 ಗಂಟೆಯ ಗಡುವು ಹಾಕಿತು. ಅದರಿಂದ ಅನವಶ್ಯಕ ಅವಸರ ಹೆಚ್ಚಿತೆಂದು ಕಂಡುಬಂದು 2000ದ ಪರಿಷ್ಕೃತ ನಮೂನೆಯಲ್ಲಿ ಆ ಭಾಗವನ್ನೇ ತೆಗೆದರು. ಗೆರೆ 4 ಸೆಂಟಿಮೀಟರಿನಿಂದ ಶುರುವಾಯಿತು. ನಮ್ಮ ಸರ್ಕಾರಿ ಹೆರಿಗೆ ಕೋಣೆಗಳಿಗೆ ಬಂದ ಸರಳ ಪಾರ್ಟೋಗ್ರಾಫ್ ಕೂಡ ಇದೇ.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸುಪ್ತ ಹಂತ ಮುಗಿದು ಬಾಯಿ ಬೇಗ ತೆರೆಯುವ ಸಕ್ರಿಯ ಹಂತ 5 ಸೆಂಟಿಮೀಟರಿನಿಂದ ಶುರು ಎಂದಿತು. ಸುಪ್ತ ಹಂತಕ್ಕೆ ಇಷ್ಟೇ ಹೊತ್ತು ಎಂಬ ಅಳತೆ ಸ್ಥಾಪಿತವಾಗಿಲ್ಲ, ಅದು ಹೆಂಗಸಿನಿಂದ ಹೆಂಗಸಿಗೆ ತುಂಬ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ 5 ಸೆಂಟಿಮೀಟರಿಗಿಂತ ಮೊದಲು ಹೆರಿಗೆಯನ್ನು ವೇಗಗೊಳಿಸಲು ಆಕ್ಸಿಟೋಸಿನ್ ಆಗಲಿ ಸಿಜೇರಿಯನ್ ಆಗಲಿ ಬೇಡ ಎಂಬುದು ಅದೇ ಮಾರ್ಗದರ್ಶಿಯ ಶಿಫಾರಸು. 2020ರಲ್ಲಿ ಬಂದ ಹೊಸ ಹೆರಿಗೆ ಆರೈಕೆ ನಮೂನೆ ಈ ತಿಳುವಳಿಕೆಯ ಮೇಲೆಯೇ ನಿಂತಿದೆ. ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದ ಸಂಶೋಧಕರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಇದ್ದರು. ಆ ಮೊದಲ ಪಾರ್ಟೋಗ್ರಾಫಿನಿಂದ ಈಚೆಗೆ ವಿಜ್ಞಾನ ಹೆಂಗಸಿಗೆ ಕೊಡುವ ಕಾಲಾವಕಾಶವನ್ನು ಹಿಗ್ಗಿಸುತ್ತ ಬಂದಿದೆ. ಹೆರಿಗೆ ಕೋಣೆಯ ಅಭ್ಯಾಸಗಳು ಅಷ್ಟೇ ಬೇಗ ಬದಲಾಗಿಲ್ಲ.

ಹದಿನಾಲ್ಕು ಕಿಲೋಮೀಟರ್

1997ರಲ್ಲಿ ಹೊಸ ಜಿಲ್ಲೆಯಾದ ದಾವಣಗೆರೆಗೆ ಆರೋಗ್ಯ ಸೇವೆಯಲ್ಲಿ ಅದಕ್ಕಿಂತ ಹಳೆಯ ಹೆಸರಿದೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾಯಿತು, ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಜೊತೆಗೆ ಹತ್ತಾರು ಖಾಸಗಿ ನರ್ಸಿಂಗ್ ಹೋಮ್‌ಗಳು ಒಂದೇ ಊರಿನಲ್ಲಿವೆ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಅಲ್ಲಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ಹೊಳೆಯಾಚೆಯ ಹಳ್ಳಿಗಳವರೂ ಕಷ್ಟದ ಹೆರಿಗೆಗೆ ನೆಚ್ಚುವುದು ದಾವಣಗೆರೆಯನ್ನೇ. 2008ರಲ್ಲಿ ಬಂದ 108 ಆಂಬುಲೆನ್ಸ್ ಈ ದಾರಿಯನ್ನು ಇನ್ನಷ್ಟು ಗಿಡ್ಡ ಮಾಡಿದೆ.

ಇಷ್ಟು ಹತ್ತಿರದ ಆಸ್ಪತ್ರೆ ಮನೆಯಲ್ಲಿ ನಿಶ್ಚಿಂತೆಯಿಂದ ಕಾಯಲು ಧೈರ್ಯ ಕೊಡಬೇಕಿತ್ತು. ಜಗಳೂರಿನ ಒಳಹಳ್ಳಿಯ ಬಸುರಿ ಮೊದಲ ನೋವಿಗೇ ಹೊರಡುವುದರಲ್ಲಿ ಅರ್ಥವಿದೆ; ದಾರಿ ದೂರ, ರಾತ್ರಿ ಗಾಡಿ ಸಿಗುವುದು ಕಷ್ಟ. ದಾವಣಗೆರೆಯ ವಿನೋಬನಗರದಲ್ಲಿರುವವಳಿಗೆ ಆಸ್ಪತ್ರೆ ಆಟೋದ ದಾರಿ. ಆದರೂ ಹತ್ತಿರವಿದೆ ಎಂಬ ಕಾರಣಕ್ಕೇ ಬೇಗ ಹೋಗುವುದು, ಬೇಗ ಹೋದ ಕಾರಣಕ್ಕೇ ಬೇಗ ದಾಖಲಾಗುವುದು, ದಾಖಲಾದ ಮೇಲೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ ನೆಡುವುದು ನಡೆಯುತ್ತದೆ. ಸುಪ್ತ ಹಂತದಲ್ಲೇ ದಾಖಲಾದವರಿಗೆ ಆಕ್ಸಿಟೋಸಿನ್ ಡ್ರಿಪ್ ಮತ್ತು ಸಿಜೇರಿಯನ್ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬೇಗ ಬಂದದ್ದೇ ಕಾರಣವೋ, ಕಷ್ಟದ ಹೆರಿಗೆಯಿರುವವರೇ ಬೇಗ ಬರುತ್ತಾರೋ ಎಂಬುದು ಪೂರ್ತಿ ಇತ್ಯರ್ಥವಾಗಿಲ್ಲ. ಹಾಗಾಗಿ ‘5 ಸೆಂಟಿಮೀಟರ್ ಆಗದೆ ಸೇರಿಸಿಕೊಳ್ಳಬೇಡಿ’ ಎಂಬ ಕಟ್ಟುನಿಟ್ಟಿನ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮಾಡಿಲ್ಲ. ನೋವಿನಲ್ಲಿ ಬಂದವಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸುವುದು ಪರಿಹಾರವಲ್ಲ. ಪರೀಕ್ಷಿಸಿ, ಮಗುವಿನ ಎದೆಬಡಿತ ಕೇಳಿಸಿ, ರಕ್ತದೊತ್ತಡ ನೋಡಿ, ಮುಂದೇನೆಂದು ವಿವರಿಸಿ ಕಳಿಸುವುದು ಪರಿಹಾರ.

ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುವ ಹೆರಿಗೆಗಳ ಪ್ರಮಾಣ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 65ರಷ್ಟಿದ್ದದ್ದು 2019-21ರ ಹೊತ್ತಿಗೆ ಶೇ. 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ದೊಡ್ಡ ಸಾಧನೆ. ಮನೆಯ ಹೆರಿಗೆಗೆ ಮರಳುವ ಮಾತನ್ನು ಯಾರೂ ಆಡಬಾರದು. ಆದರೆ ಇದೇ ಹೊತ್ತಿನಲ್ಲಿ ಸಿಜೇರಿಯನ್ ಪ್ರಮಾಣ ರಾಜ್ಯದಲ್ಲಿ 2015-16ರ ಶೇ. 23.6ರಿಂದ 2019-21ರಲ್ಲಿ ಶೇ. 31.5 ಆಯಿತು. ಈ ಬದಲಾವಣೆಯಲ್ಲಿ ಕಳೆದುಹೋದದ್ದೂ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥವರ ಜೊತೆಗೆ ಪಕ್ಕದಲ್ಲಿ ಕೂತು ಕಾಯುವ ವಿದ್ಯೆಯೂ ಹೋಯಿತು. ಹೆರಿಗೆಯನ್ನು ಆಸ್ಪತ್ರೆಗೆ ತಂದ ನಾವು ಆ ವಿದ್ಯೆಯನ್ನು ಮಾತ್ರ ಹೊರಗೇ ಬಿಟ್ಟೆವು.

ಮನೆಯಲ್ಲಿ ಕಾಯುವುದು

ಈ ಭಾಗದಲ್ಲಿ ಕುಬಸ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ರೂಢಿ ಇನ್ನೂ ಬಲವಾಗಿದೆ. ಆದ್ದರಿಂದ ಮೊದಲ ನೋವು ಬರುವಾಗ ಪಕ್ಕದಲ್ಲಿರುವುದು ತಾಯಿ, ಅಜ್ಜಿ, ಅತ್ತಿಗೆ. ಗಂಡ ಬಹಳ ಸಲ ಬೇರೆ ಊರಿನಲ್ಲಿ ಕೆಲಸದ ಮೇಲಿರುತ್ತಾನೆ. ಹೆತ್ತು ಗೊತ್ತಿರುವ ಹೆಂಗಸರು ಸುತ್ತಲಿರುವುದು ಒಳ್ಳೆಯದೇ. ಆದರೆ ಸುದ್ದಿ ತಿಳಿದ ಬೀಗರು ಗಂಟೆಗೊಮ್ಮೆ ಫೋನ್ ಮಾಡಿ “ಆಯ್ತಾ?” ಎಂದು ಕೇಳುವುದು, ಓಣಿಯವರು ಬಂದು ತಮ್ಮ ಕಷ್ಟದ ಹೆರಿಗೆಯ ಕತೆ ಹೇಳುವುದು ಆಕೆಯನ್ನು ಹಣ್ಣು ಮಾಡುತ್ತವೆ. ನೋವು ಶುರುವಾದ ಸುದ್ದಿಯನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಜಾಣತನ. ಭಯ ಮತ್ತು ಗಾಬರಿಯಲ್ಲಿ ದೇಹ ಸುರಿಸುವ ಅಡ್ರಿನಲಿನ್ ಗರ್ಭಕೋಶದ ಲಯವನ್ನು ಕೆಡಿಸಬಲ್ಲದು. ಮಬ್ಬು ಬೆಳಕಿನ ಶಾಂತ ಕೋಣೆಗೆ ಶರೀರಶಾಸ್ತ್ರದ ಆಧಾರವೂ ಇದೆ.

ಮೊದಲ ಕೆಲಸ ನಿದ್ದೆ. ರಾತ್ರಿ ಹತ್ತಕ್ಕೆ ನೋವು ಶುರುವಾದರೆ ಮನೆಮಂದಿಯೆಲ್ಲ ಎದ್ದು ಕೂರುವುದು, ಬಸುರಿಯನ್ನು ಅಂಗಳದಲ್ಲಿ ತಿರುಗಾಡಿಸುವುದು ವಾಡಿಕೆ. ಅದು ಬೇಡ. ನೋವು ಹತ್ತಿಪ್ಪತ್ತು ನಿಮಿಷಕ್ಕೊಂದರಂತೆ ಬರುತ್ತಿರುವಾಗ ಎಡಮಗ್ಗುಲಾಗಿ, ಕಾಲುಗಳ ನಡುವೆ ದಿಂಬಿಟ್ಟು ಮಲಗಿ, ಎರಡು ನೋವಿನ ನಡುವೆ ಸಿಕ್ಕಷ್ಟು ತೂಕಡಿಸಬೇಕು. ಈಗ ಉಳಿಸಿಕೊಂಡ ಶಕ್ತಿ ಮರುದಿನ ಮಗುವನ್ನು ತಳ್ಳುವಾಗ ಬೇಕಾಗುತ್ತದೆ. ಸರದಿಯ ಮೇಲೆ ಒಬ್ಬರು ಎಚ್ಚರವಿದ್ದು ಉಳಿದವರು ಮಲಗಲಿ. ಬೆಳಿಗ್ಗೆ ಜೊತೆಗೆ ಹೋಗುವವರಿಗೂ ಕಣ್ಣು ತೆರೆದಿರಬೇಕಲ್ಲ.

ಹಗಲಾದರೆ ನಡೆದಾಟ ಒಳ್ಳೆಯದು. ನಿಂತ, ಕೂತ, ನಡೆಯುವ ಭಂಗಿಗಳಲ್ಲಿ ಮೊದಲ ಹಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗುತ್ತದೆಂದು 2013ರ ಕೊಕ್ರೇನ್ ಅವಲೋಕನ ಕಂಡುಕೊಂಡಿದೆ. ನೋವು ಏರುವಾಗ ಅಡುಗೆಕಟ್ಟೆಯನ್ನೋ ಕಿಟಕಿಯ ಸರಳನ್ನೋ ಹಿಡಿದು ಮುಂದಕ್ಕೆ ಬಾಗಿ ಸೊಂಟವನ್ನು ನಿಧಾನ ತೂಗಬೇಕು. ಆಗ ಹಿಂದೆ ನಿಂತವರು ಅಂಗೈಯ ಬುಡವನ್ನು ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲಿಟ್ಟು, ಉಜ್ಜದೆ, ಒಂದೇ ಸಮ ಒತ್ತಿ ಹಿಡಿಯಬೇಕು. ನೋವು ಇಳಿಯುತ್ತಿದ್ದಂತೆ ಕೈ ಸಡಿಲಿಸಬೇಕು. ಎಷ್ಟು ಗಟ್ಟಿಯಾಗಿ, ಎಲ್ಲಿ ಎಂಬುದನ್ನು ಆಕೆಯೇ ಹೇಳುತ್ತಾಳೆ, ಎರಡು ಮೂರು ನೋವಿನಲ್ಲಿ ಕೈಗೆ ಅಂದಾಜು ಸಿಗುತ್ತದೆ. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದಾಗ ಸೊಂಟನೋವು ವಿಪರೀತ, ಆರಂಭವೂ ನಿಧಾನ. ಅಂಥವರಿಗೆ ಕೈ ಮಂಡಿಯೂರಿ ಇರುವ ಭಂಗಿ ಹಾಯೆನಿಸುತ್ತದೆ. ಅದರಿಂದಲೇ ಮಗು ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ನೋವು ಕಡಿಮೆಯಾಗುವುದಕ್ಕೆ ಇದೆ.

ನಮ್ಮ ಬಚ್ಚಲುಮನೆಗೆ ಇಲ್ಲಿ ವಿಶೇಷ ಸ್ಥಾನ. ಸ್ಟೂಲಿನ ಮೇಲೆ ಕೂರಿಸಿ, ಹಿತವಾದ ಬಿಸಿನೀರನ್ನು ಚೆಂಬಿನಿಂದ ಸೊಂಟದ ಮೇಲೆ ಹದವಾಗಿ ಸುರಿಯುತ್ತಿದ್ದರೆ ಅರ್ಧ ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಬಿಸಿ ಶಾಖ, ನೀವುವುದು, ಉಸಿರಿನ ಅಭ್ಯಾಸ, ಸಂಗೀತ ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನ ಪಟ್ಟಿಯಲ್ಲೇ ಇವೆ. ಅಜ್ಜಿಯ ಹಂಡೆನೀರು ಮಾರ್ಗದರ್ಶಿಯಲ್ಲಿ ಬೇರೆ ಹೆಸರಿನಿಂದ ಕೂತಿದೆ. ನೀರು ಮೈ ಸುಡುವಷ್ಟು ಬಿಸಿ ಇರಬಾರದು, ಬಚ್ಚಲಿನ ನೆಲ ಜಾರಬಾರದು, ಆಕೆಯನ್ನು ಒಂಟಿಯಾಗಿ ಬಿಡಬಾರದು.

ಹೊಟ್ಟೆಗೆ ಕೊಡದೆ ಇಡುವುದು ಹಳೆಯ ತಪ್ಪು. ತೊಂದರೆಯ ಲಕ್ಷಣಗಳಿಲ್ಲದ ಹೆಂಗಸು ಹೆರಿಗೆಯ ಹೊತ್ತಿನಲ್ಲಿ ತಿನ್ನಬಹುದು, ಕುಡಿಯಬಹುದು. ಗಂಜಿ, ರಾಗಿ ಅಂಬಲಿ, ಇಡ್ಲಿ, ಬಾಳೆಹಣ್ಣು, ತೆಳು ಮಜ್ಜಿಗೆ, ಎಳನೀರು ಆಗುತ್ತವೆ. ಒಗ್ಗರಣೆಯ ಖಾರ ಮಂಡಕ್ಕಿಯೂ ಬೆಣ್ಣೆ ದೋಸೆಯೂ ಮಗು ಹುಟ್ಟಿದ ಮೇಲೆ ಇದ್ದೇ ಇವೆ. ಏಪ್ರಿಲ್-ಮೇ ತಿಂಗಳ ದಾವಣಗೆರೆಯ ಸೆಕೆಯಲ್ಲಿ ನೀರಿನ ಅಂಶ ಬೇಗ ಕಡಿಮೆಯಾಗುತ್ತದೆ, ಅರ್ಧ ಗಂಟೆಗೊಮ್ಮೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಒಂದೆರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದನ್ನು ಮರೆಯಬಾರದು. ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಿ. ನೋವು ಜೋರಾಗಲಿ ಎಂದು ಹರಳೆಣ್ಣೆ ಕುಡಿಸುವುದು ಬೇಡ, ಅದರಿಂದ ಭೇದಿಯಾಗಿ ಮೈ ಸೋಲುತ್ತದೆ. ನೋವು ಬರಿಸುವ ಇಂಜೆಕ್ಷನ್ ಅನ್ನು ಮನೆಯಲ್ಲಿ ಯಾರ ಕೈಯಲ್ಲೂ ಹಾಕಿಸಿಕೊಳ್ಳಲೇಬಾರದು. ನಿಗಾ ಇಲ್ಲದೆ ಕೊಟ್ಟ ಆಕ್ಸಿಟೋಸಿನ್ ಮಗುವಿನ ಉಸಿರು ಕಟ್ಟಿಸಬಹುದು, ಗರ್ಭಕೋಶ ಹರಿಯುವಂತೆಯೂ ಮಾಡಬಹುದು.

ಯಾವಾಗ ಕಾಯಬಾರದು

ಚೊಚ್ಚಲ ಹೆರಿಗೆಯಲ್ಲಿ ನೋವು ಐದು ನಿಮಿಷಕ್ಕೊಂದರಂತೆ, ಒಂದೊಂದೂ ಸುಮಾರು ಒಂದು ನಿಮಿಷ ಹಿಡಿದು, ಒಂದು ಗಂಟೆ ಕಾಲ ಹೀಗೇ ಬಂದರೆ ಹೊರಡುವ ಹೊತ್ತಾಯಿತು. ನೋವು ಬಂದಾಗ ಮಾತಾಡಲಾಗದಷ್ಟು ಆಕೆ ಒಳಮುಖವಾಗಿರುವುದೂ ಒಂದು ಗುರುತು. ಆದರೆ ಕೆಲವು ಸಂದರ್ಭಗಳಲ್ಲಿ ಗಡಿಯಾರ ನೋಡದೆ ಕೂಡಲೇ ಹೋಗಬೇಕು: ನೀರು ಹೋದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣದ್ದಾದರೆ, ಲೋಳೆಯಲ್ಲದೆ ನೆತ್ತರೇ ಹೋದರೆ, ಮಗುವಿನ ಮಿಸುಕಾಟ ಎಂದಿನಂತಿಲ್ಲದಿದ್ದರೆ, ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಕಂಡರೆ, ಎರಡು ನೋವಿನ ನಡುವೆಯೂ ಹೊಟ್ಟೆ ಸಡಿಲವಾಗದಿದ್ದರೆ, ಇನ್ನೂ 37 ವಾರ ತುಂಬಿರದಿದ್ದರೆ. ಹಿಂದೆ ಸಿಜೇರಿಯನ್ ಆದವರು, ಅವಳಿ ಇರುವವರು, ಮಗು ಅಡ್ಡ ಅಥವಾ ಬುಡ ಕೆಳಗಾಗಿರುವವರು, ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ತೀವ್ರ ರಕ್ತಹೀನತೆ ಇರುವವರು ಮನೆಯಲ್ಲಿ ಕಾಯಬಾರದು. ಮೊದಲ ನೋವಿಗೇ ಹೋಗಬೇಕು. ತಾಯಿ ಕಾರ್ಡನ್ನು ಕೈಗೆ ಸಿಗುವಂತೆ ಇಟ್ಟಿರಬೇಕು. ಹರಿಹರದವರು ಇಂಥ ಯಾವುದೇ ತೊಡಕು ಮೊದಲೇ ಗೊತ್ತಿದ್ದರೆ ಎಲ್ಲಿಗೆ ಹೋಗಬೇಕೆಂದು ಒಂಬತ್ತನೇ ತಿಂಗಳಲ್ಲೇ ವೈದ್ಯರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ ನಿರ್ಧರಿಸಿಕೊಂಡರೆ, ನಡುರಾತ್ರಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡುವುದು ತಪ್ಪುತ್ತದೆ. ನೋವು ಬಲಿಯದ ಹೊತ್ತಿನಲ್ಲಿ 14 ಕಿ.ಮೀ. ಏನೂ ಅಲ್ಲ, ಎಂಟು ಸೆಂಟಿಮೀಟರ್ ತೆರೆದ ಮೇಲೆ ಅದು ಬಹಳ ದೂರ.

ಆಸ್ಪತ್ರೆಯೊಳಗೆ

ದಾಖಲಾದ ಮೇಲೂ ಸುಪ್ತ ಹಂತ ಮುಂದುವರಿದರೆ ಕಾಯುವ ಕ್ರಮ ಮನೆಯದೇ: ತಿರುಗಾಟ, ನೀರು, ಜೊತೆಗೊಬ್ಬರು. ಭಾರತ ಸರ್ಕಾರ 2016ರಲ್ಲಿ ಹೆರಿಗೆ ಜೊತೆಗಾತಿಗೆ ಅನುಮತಿ ಕೊಡುವಂತೆ ಸೂಚಿಸಿತು. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಆರೈಕೆಯನ್ನು ಸರ್ಕಾರಿ ಹೆರಿಗೆ ಕೋಣೆಯ ಗುಣಮಟ್ಟದ ಭಾಗವಾಗಿಸಿತು. ಪಕ್ಕದಲ್ಲಿ ಸತತವಾಗಿ ಒಬ್ಬರು ಇದ್ದರೆ ಸಹಜ ಹೆರಿಗೆ ಹೆಚ್ಚು, ಸಿಜೇರಿಯನ್ ಕಡಿಮೆ ಎಂದು 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಪ್ರಯೋಗಗಳ 2017ರ ಅವಲೋಕನ ಹೇಳುತ್ತದೆ. ಇಷ್ಟು ಅಗ್ಗದ, ಅಡ್ಡಪರಿಣಾಮವಿಲ್ಲದ ಚಿಕಿತ್ಸೆ ಹೆರಿಗೆ ಕೋಣೆಯಲ್ಲಿ ಇನ್ನೊಂದಿಲ್ಲ. “ಜೊತೆಗೆ ಯಾರೂ ಬೇಡ, ಹೊರಗೆ ಕೂತ್ಕೊಳ್ಳಿ” ಎಂದರೆ 2016ರ ಆ ಸೂಚನೆಯನ್ನು ನೆನಪಿಸಿ ವಿನಯದಿಂದ ಕೇಳುವ ಹಕ್ಕು ಮನೆಯವರಿಗಿದೆ. ನೋವಿಗೆ ಕೂಗಿದವಳನ್ನು ಗದರುವುದು ಯಾವ ಕಾಲಕ್ಕೂ ಆರೈಕೆಯಲ್ಲ.

ಬಾಯಿ ಬೇಗ ತೆರೆಯಲೆಂದು ಡ್ರೋಟಾವರಿನ್ ಮೊದಲಾದ ಸೆಳೆತ ಇಳಿಸುವ ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ಸಾಮಾನ್ಯ. ಹೆರಿಗೆ ತಡವಾಗದಿರಲೆಂದು ಅವನ್ನು ವಾಡಿಕೆಯಾಗಿ ಬಳಸುವುದು ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗದರ್ಶಿಯ ನಿಲುವು. ಎನಿಮಾ, ಕೂದಲು ತೆಗೆಯುವುದು, ಹೆರಿಗೆ ಬೇಗ ಆಗಲೆಂದು ಗ್ಲೂಕೋಸ್ ಏರಿಸುವುದು ಇವೂ ಅದೇ ಸಾಲಿನವು. ಹಲವು ಸಲ ಡ್ರಿಪ್ ಕೇಳುವವರು ಮನೆಯವರೇ. “ಏನಾದ್ರೂ ಹಾಕಿ ಡಾಕ್ಟ್ರೇ” ಎಂಬ ಒತ್ತಾಯಕ್ಕೆ ಮಣಿಯುವ ವೈದ್ಯರ ಕಷ್ಟವೂ ನಿಜ.

ಇಪ್ಪತ್ತು ಗಂಟೆ ದಾಟಿ, ಕಣ್ಣಿಗೆ ನಿದ್ದೆಯಿಲ್ಲದೆ, ಅಳುತ್ತ ಕೂತವಳಿಗೆ ಇನ್ನೂ ಕಾಯಿರಿ ಎಂದರೆ ಅದು ಕ್ರೌರ್ಯ. ಅವಳಿಗೆ ಫ್ರೀಡ್‌ಮನ್ ಕಾಲದಿಂದಲೂ ಇರುವ ಉಪಾಯ ಚಿಕಿತ್ಸಕ ವಿಶ್ರಾಂತಿ. ಆಸ್ಪತ್ರೆಯ ನಿಗಾದಲ್ಲಿ ಮಾರ್ಫಿನ್‌ನಂಥ ಔಷಧ ಕೊಟ್ಟು ಕೆಲವು ಗಂಟೆ ಮಲಗಿಸುತ್ತಾರೆ. ಹೀಗೆ ಮಲಗಿ ಎದ್ದವರಲ್ಲಿ ಸುಮಾರು ಶೇ. 85 ಮಂದಿ ಸಕ್ರಿಯ ನೋವಿನಲ್ಲಿರುತ್ತಾರೆ, ಸುಮಾರು ಶೇ. 10 ಮಂದಿಗೆ ನೋವು ನಿಂತೇ ಹೋಗಿರುತ್ತದೆ, ಅದು ಕಳ್ಳನೋವಾಗಿತ್ತೆಂದು ಆಗ ತಿಳಿಯುತ್ತದೆ, ಉಳಿದ ಶೇ. 5 ಮಂದಿಗೆ ಮಾತ್ರ ಆಕ್ಸಿಟೋಸಿನ್‌ನ ನೆರವು ಬೇಕಾಗುತ್ತದೆ. ನಿದ್ದೆಯೊಂದರಿಂದಲೇ ಇಷ್ಟಾಗುವುದಾದರೆ ಮೊದಲ ರಾತ್ರಿ ಅವಳನ್ನು ಅಂಗಳದಲ್ಲಿ ನಡೆಸದೆ ಮಲಗಿಸಿದ್ದರೆ ಚೆನ್ನಾಗಿತ್ತಲ್ಲವೇ ಎಂದು ಎಷ್ಟೋ ಸಲ ಅನಿಸುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ನೇತೃತ್ವಕ್ಕೆ ಒಪ್ಪಿಸುವ ಯೋಜನೆ ಹಾಕಿತು. ಅದರ ಜೊತೆಗೆ ಕಾಯಲು ಜಾಗವೂ ಬೇಕು. ಹೆರಿಗೆ ಕೋಣೆಗೆ ಹೊಂದಿಕೊಂಡು ನಾಲ್ಕು ಹಾಸಿಗೆ, ನಡೆಯಲು ಒಂದು ಮೊಗಸಾಲೆ, ಬಿಸಿನೀರಿನ ಬಚ್ಚಲು ಇರುವ ಕಾಯುವ ಕೋಣೆಯೊಂದು ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲೂ ದಾವಣಗೆರೆಯ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲೂ ಇರಬೇಕು. ಮನೆಯಲ್ಲಿ ಜಾಗವಿಲ್ಲದವರು, ಬಾಡಿಗೆಯ ಒಂದೇ ಕೋಣೆಯಲ್ಲಿರುವವರು ಅಲ್ಲಿ ದಾಖಲಾತಿಯ ಗಡಿಯಾರವಿಲ್ಲದೆ ಕಾಯಬಹುದು.

ಎರಡನೇ ಹೆರಿಗೆಯಲ್ಲಿ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. ಕಂಠ ತೆಳುವಾಗುವುದೂ ತೆರೆಯುವುದೂ ಒಟ್ಟಿಗೇ ನಡೆಯುತ್ತವೆ, ನಿಧಾನವಿದ್ದ ನೋವು ಒಮ್ಮೆಲೇ ಜೋರಾಗಬಹುದು. ಮೊದಲ ಸಲ ಒಂದೂವರೆ ದಿನ ಕಾದಿದ್ದೆ, ಈ ಸಲವೂ ಹಾಗೇ ಎಂದು ಕೂರದೆ, ನೋವು ಹತ್ತು ನಿಮಿಷಕ್ಕೊಮ್ಮೆ ಲಯದಲ್ಲಿ ಬರತೊಡಗಿದಾಗಲೇ ಹರಿಹರದಿಂದ ಹೊರಡಬೇಕು.